ದೋಣಿಗೆ ಹೊಳಪು ಬಂದ ನಾಲ್ಕು ಬೆಳಗು

ಹಿತ್ತಾಳೆ ಕೊಡಕ್ಕೆ ಹುಣಸೆಹಣ್ಣು, ಬೆಳ್ಳಿ ಸಾಮಾನಿಗೆ ವಿಭೂತಿ. ಇದು ನಮಗೆಲ್ಲ ತವರಿನಿಂದಲೇ ಬಂದ ವಿದ್ಯೆ. ಆದರೆ ಫೈಬರ್ ದೋಣಿಗೆ ಏನು ಹಚ್ಚಿ ತಿಕ್ಕಬೇಕು? ಹಾರೂಗೇರಿಯ ಹೆಣ್ಣುಮಗಳಿಗೆ ಈ ಪ್ರಶ್ನೆ ಯಾಕೆ ಬರಬೇಕು ಎಂದು ನೀವು ನಗಬಹುದು. ನಮ್ಮೂರಿಗೆ ಹೊಳೆ ಹತ್ತಿಕೊಂಡಿಲ್ಲ, ನಿಜ. ನಮ್ಮ ಎರಡು ಎಕರೆ ಹೊಲ ಮಾತ್ರ ಕುಡಚಿ ಕಡೆಗೆ, ಕೃಷ್ಣೆಯ ಆಚೆ ದಂಡೆಗಿದೆ. ಮಾವನವರ ಕಾಲದಲ್ಲಿ ಬೆಲ್ಲ ಕಾಯಿಸುವ ದೊಡ್ಡ ಕಡಾಯಿಯಲ್ಲೇ ಕೂತು ಹೊಳೆ ದಾಟುತ್ತಿದ್ದರಂತೆ! ನಮ್ಮವರು ಹನ್ನೆರಡು ಅಡಿಯ ನೀಲಿ ಫೈಬರ್ ದೋಣಿ ತಂದರು.

ಅವರು ತೀರಿಕೊಂಡ ಮೇಲೆ ಅದು ಮೂರು ಬೇಸಿಗೆ ಬಿಸಿಲಿನಲ್ಲಿ ಬಿತ್ತು. ಕೈಯಾಡಿಸಿದರೆ ಅಂಗೈಗೆಲ್ಲ ಸೀಮೆಸುಣ್ಣದಂಥ ಹುಡಿ. ಮೈದುನ ನೋಡಿ, "ವೈನಿ, ಇದರ ಆಯುಷ್ಯ ಮುಗೀತ. ಹೊಲಾನೂ ಯಾರಿಗರೆ ಲಾವಣಿಗೆ ಕೊಟ್ಟಬಿಡೂಣು" ಅಂದ. ಅವನು ಕೆಟ್ಟವನಲ್ಲ. 2005, 2019, 2021ರಲ್ಲಿ ಕೃಷ್ಣೆ ಏರಿ ಬಂದದ್ದನ್ನು ಕಂಡವನಿಗೆ ಆಚೆ ದಂಡೆಯ ಹೊಲ ಭಾರವೆನಿಸುವುದು ಸಹಜ. ಆದರೆ ಒಮ್ಮೆ ಲಾವಣಿಗೆ ಹೋದ ಹೊಲ ಒಂಟಿ ಹೆಂಗಸಿನ ಕೈಗೆ ಸುಲಭವಾಗಿ ತಿರುಗಿ ಬರುವುದಿಲ್ಲ. ಗುಜರಿಯವನೂ ದೋಣಿ ಒಲ್ಲೆ ಎಂದ. ಕಬ್ಬಿಣಕ್ಕೆ ಬೆಲೆಯುಂಟು, ಫೈಬರಿಗಿಲ್ಲ.

ನನ್ನ ತಮ್ಮ ಗಾಡಿಗಳಿಗೆ ಪೇಂಟ್ ಮಾಡುವವನು. ಅವನು ದೋಣಿಯನ್ನು ಬೆರಳಿನಿಂದ ಕುಟ್ಟಿ ನೋಡಿ, "ಅಕ್ಕಾ, ಇದು ಸತ್ತಿಲ್ಲ, ಮೇಲಿನ ತೊಗಲು ಅಷ್ಟ ಸುಟ್ಟದ" ಎಂದ. ಆಮೇಲೆ ದೋಣಿ ಹುಟ್ಟುವ ರೀತಿ ಹೇಳಿದ. ಅಚ್ಚಿನ ಒಳಗೆ ಮೊದಲು ಬಣ್ಣ ಬೆರೆಸಿದ ರಾಳ ಬಳಿಯುತ್ತಾರೆ, ಅದಕ್ಕೆ ಜೆಲ್‌ಕೋಟ್ ಎನ್ನುತ್ತಾರೆ. ಅದರ ಮೇಲೆ ಗಾಜಿನ ನೂಲಿನ ಚಾಪೆ, ರಾಳ, ಮತ್ತೆ ಚಾಪೆ. ಅಚ್ಚಿನಿಂದ ಕಳಚಿದಾಗ ಮೊದಲು ಬಳಿದದ್ದು ಹೊರಮೈಯಾಗುತ್ತದೆ. ಈ ಜೆಲ್‌ಕೋಟಿನ ದಪ್ಪ ಸುಮಾರು ಅರ್ಧ ಮಿಲಿಮೀಟರ್, ಅಷ್ಟೇ. ಬಿಸಿಲಿಗೆ ಸುಟ್ಟು ಹುಡಿಯಾಗುವುದು ಅದರ ಮೇಲ್ಪದರ.

ಇಷ್ಟು ಕೇಳಿದ ಮೇಲೆ ನನಗೆ ನೆನಪಾದದ್ದು ಅರಿಷಿಣ. ನಮ್ಮ ಭಾಗದಲ್ಲಿ ಅರಿಷಿಣ ಕುದಿಸಿ, ಒಣಗಿಸಿ, ಡ್ರಮ್ಮಿಗೆ ಹಾಕಿ ತಿರುಗಿಸುತ್ತಾರಲ್ಲ, ಒಂದಕ್ಕೊಂದು ತಿಕ್ಕಿ ಸಿಪ್ಪೆ ಉದುರಿ ಹೊಳಪು ಬರುತ್ತದೆ. ಸಾಂಗಲಿ ಪೇಟೆಗೆ ಒಯ್ಯುವವರಿಗೆ ಗೊತ್ತು, ಹೊಳಪು ಬಂದಷ್ಟೂ ತೂಕ ಇಳಿಯುತ್ತದೆ. ದೋಣಿಯದೂ ಅದೇ ಲೆಕ್ಕ. ಹೊಳಪು ನಾವು ಹಚ್ಚುವುದಲ್ಲ, ಮೇಲಿನದನ್ನು ತೆಗೆದಾಗ ಒಳಗಿನಿಂದ ಬರುವುದು. ಅರ್ಧ ಮಿಲಿಮೀಟರಿನಲ್ಲಿ ಎಷ್ಟು ಸಲ ತೆಗೆಯಲಾದೀತು? ಪೂರ್ತಿ ಸವೆದು ಗಾಜಿನ ನೂಲು ಹೊರಬಿದ್ದರೆ ಅದು ನೀರು ಕುಡಿಯತೊಡಗುತ್ತದೆ.

ಪಕ್ಕದ ವೆಲ್ಡಿಂಗ್ ಅಂಗಡಿಯ ಹುಡುಗ ಪ್ರೀತಿಯಿಂದ ತನ್ನ ಗ್ರೈಂಡರ್ ಕೊಡಲು ಬಂದ. ಬೇಡವೆಂದೆ. ನಾಲ್ಕಿಂಚಿನ ಆ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ, ಅಷ್ಟು ಬಿಸಿಗೆ ರಾಳ ಸುಟ್ಟೇ ಹೋಗುತ್ತದೆ. ಪಾಲಿಶ್ ಮಶೀನು ಬೇರೆ. ಅದರ ವೇಗ ಸುಮಾರು 600ರಿಂದ 3,000, ಬೇಕಾದಷ್ಟಕ್ಕೆ ಇಡಬಹುದು. ತಮ್ಮ ಅದನ್ನು 1,000ಕ್ಕೆ ಇಟ್ಟು ನನ್ನ ಕೈಗೆ ಕೊಟ್ಟ.

ಸೋದರಿಯರೇ, ಸೀರೆ ಉಟ್ಟು ಈ ಕೆಲಸಕ್ಕೆ ಕೈ ಹಚ್ಚಬೇಡಿ. ಸೆರಗು, ಜಡೆ, ಕೊರಳ ಸರ ಯಾವುದು ಸಿಕ್ಕರೂ ಮಶೀನು ಬಿಡುವುದಿಲ್ಲ. ನಾನು ಮಗನ ಹಳೆ ಅಂಗಿ ಪೈಜಾಮ ಹಾಕಿ, ತಲೆಗೆ ವಸ್ತ್ರ ಬಿಗಿದು, ಮೂಗು-ಬಾಯಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಹಾಕಿದೆ. ಓಣಿಯವರು ಎರಡು ದಿನ ನಕ್ಕರು, ಮೂರನೆಯ ದಿನ ಚಹಾ ತಂದುಕೊಟ್ಟರು. ವಾಯರನ್ನು ಹೆಗಲ ಮೇಲಿಂದ ಬೆನ್ನಿಗೆ ಬಿಡಬೇಕು, ನೆಲದ ನೀರಿಗೆ ತಾಗಿಸಬಾರದು.

ಮೊದಲು ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿದೆವು. ಮಣ್ಣಿನ ಒಂದು ಕಣ ಉಳಿದರೂ ಗೀರು ಬೀಳುತ್ತದೆ. ಅಂಚು, ಮೂಲೆಗಳಿಗೆ ಟೇಪು ಅಂಟಿಸಿದೆವು, ಮಶೀನು ಬೇಗ ಸವೆಸುವುದು ಅಲ್ಲೇ. ಆಮೇಲೆ ಅಂಗೈ ಅಗಲದ ಜಾಗದಲ್ಲಿ ಬರೀ ಕಾಂಪೌಂಡ್ ಹಚ್ಚಿ ಪರೀಕ್ಷೆ. ಮೃದುವಾದದ್ದರಿಂದಲೇ ಕೆಲಸ ಆದರೆ ಒರಟಿಗೆ ಯಾಕೆ ಹೋಗಬೇಕು? ಬದಿಗಳು ಅದಕ್ಕೇ ಒಲಿದವು. ಬಹಳ ಬಿಸಿಲುಂಡ ತಳಕ್ಕೆ ಮಾತ್ರ 1,000 ನಂಬರಿನ ವಾಟರ್ ಪೇಪರ್, ನಂತರ 1,500, ನೀರು ಹಾಕುತ್ತ ಕೈಯಿಂದಲೇ ತಿಕ್ಕಿದೆವು.

ಮಶೀನಿಗೆ ಉಣ್ಣೆಯ ಪ್ಯಾಡ್. ಎರಡಡಿ ಚೌಕದಷ್ಟೇ ಕಾಂಪೌಂಡ್ ಸವರಿ, ಪ್ಯಾಡನ್ನು ಮೈಗೆ ತಾಗಿಸಿಯೇ ಸ್ವಿಚ್ಚು ಒತ್ತಬೇಕು. ಮೇಲಿನಿಂದ ಒತ್ತಿದರೆ ಕಾಂಪೌಂಡ್ ಎಲ್ಲಾ ನಿಮ್ಮ ಮುಖಕ್ಕೇ. ಭಾರ ಹಾಕಬಾರದು, ಒಂದೇ ಕಡೆ ನಿಲ್ಲಿಸಬಾರದು. ಅಂಗಳ ಸಾರಿಸುವಾಗ ಕೈ ಹೇಗೆ ಒಂದರ ಮೇಲೊಂದು ಸಾಲು ಎಳೆಯುತ್ತದೋ ಹಾಗೆ. ಆಗಾಗ ನಿಲ್ಲಿಸಿ ಅಂಗೈ ಇಟ್ಟು ನೋಡುತ್ತಿದ್ದೆ. ಬೆಚ್ಚಗಿದ್ದರೆ ಸರಿ, ಕೈ ಚುರ್ ಎಂದರೆ ಬಿಟ್ಟು ಬೇರೆ ಕಡೆಗೆ. ಪ್ಯಾಡಿಗೆ ನೀಲಿ ಹತ್ತಿದಾಗ ಎದೆ ಝಲ್ ಎಂದಿತು. "ಅದು ಸತ್ತ ತೊಗಲು, ಬರಬೇಕು" ಎಂದ ತಮ್ಮ. ಬಿಸಿಲೇರಿದರೆ ಕಾಂಪೌಂಡ್ ಬೇಗ ಒಣಗುತ್ತದೆ, ಅದಕ್ಕೇ ಬೆಳಗಿನ ಹೊತ್ತಷ್ಟೇ ಕೆಲಸ. ನಾಲ್ಕು ಬೆಳಗು ಹಿಡಿಯಿತು. ಎರಡನೆಯ ಬೆಳಗು ಒಂದು ಬದಿ ಒರೆಸಿದಾಗ, ನಮ್ಮವರು ತಂದ ದಿನದ ಆ ನೀಲಿ ಕಂಡಿತು. ಸ್ವಲ್ಪ ಹೊತ್ತು ಮಶೀನು ಕೆಳಗಿಟ್ಟು ಕೂತೆ.

ಮೂತಿಯ ಕೆಳಗೆ, ಕಲ್ಲಿಗೆ ಎಳೆದೆಳೆದು ಸವೆದ ಒಂದು ಗೇಣು ಜಾಗದಲ್ಲಿ ನೂಲಿನ ನೇಯ್ಗೆಯೇ ಕಾಣುತ್ತಿತ್ತು. ಅಲ್ಲಿ ಮಶೀನಿಗೆ ಕೆಲಸವಿಲ್ಲ. ಹೊಸ ಜೆಲ್‌ಕೋಟ್ ಬಳಿಯಬೇಕು, ಅದನ್ನು ತಮ್ಮನಿಗೇ ಬಿಟ್ಟೆ. ಗಾಳಿ ತಾಗಿದರೆ ಅದರ ಮೈ ಅಂಟಂಟಾಗಿಯೇ ಉಳಿಯುತ್ತದೆಂದು ಅವನು ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ.

ಕೊನೆಗೆ ಮೇಣ. ನನ್ನ ಮಟ್ಟಿಗೆ ಇದೇ ಮುಖ್ಯ ಕೆಲಸ. ಕಾಂಪೌಂಡ್ ತೆಗೆಯುತ್ತದೆ, ಮೇಣ ಕಾಯುತ್ತದೆ. ತೆಳುವಾಗಿ ಸವರಿ, ಮಬ್ಬಾದ ಮೇಲೆ ಹಳೆ ಪಂಚೆಯಿಂದ ಒರೆಸಿ, ಮರುದಿನ ಇನ್ನೊಮ್ಮೆ. ಮುಂಗಾರಿಗೆ ಮುಂಚೆ ಒಂದು ಸಲ, ದೀಪಾವಳಿಯ ನಂತರ ಒಂದು ಸಲ ಮೇಣ ಕೊಟ್ಟು ನೆರಳಲ್ಲಿ ಕವಚಿಟ್ಟರೆ ಮಶೀನನ್ನು ವರ್ಷಗಟ್ಟಲೆ ಮುಟ್ಟುವ ಕಾರಣವಿಲ್ಲ. ಈಗ ಅದಕ್ಕೆ ಹುಣಸೆಮರದ ನೆರಳು.

ಮೈದುನ ಬಂದು ಅಂಗೈಯಿಂದ ಸವರಿ, ಕೈ ತಿರುಗಿಸಿ ನೋಡಿಕೊಂಡ. ಹುಡಿ ಇರಲಿಲ್ಲ. ಏನೂ ಅನ್ನಲಿಲ್ಲ. ಹೊಳೆ ಇಳಿದ ಮೇಲೆ ಕಬ್ಬಿನ ಬೀಜ ಆಚೆ ದಂಡೆಗೆ ದಾಟಿಸಲು ಅವನೇ, "ವೈನಿ, ಹುಟ್ಟು ಎಲ್ಲಿಟ್ಟೀರಿ?" ಎಂದು ಕೇಳಿ ದೋಣಿ ಒಯ್ದ. ತಿರುಗಿ ತಂದಾಗ ಕಲ್ಲಿಗೆ ಎಳೆಯಬ್ಯಾಡ, ಎತ್ತಿ ತಾ, ಎಂದಷ್ಟೇ ಹೇಳಿ ಕಳಿಸಿದೆ.