ಕೆಚ್ಚಲಿಗೆ ಕೈ ಹಾಕದ ಪದವಿ

ಬೆಂಗಳೂರಿನ ಗಂಗಾನಗರದಿಂದ ಬಳ್ಳಾರಿ ರಸ್ತೆಗೆ ಬಂದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು. 1958ರಲ್ಲಿ ಶುರುವಾದದ್ದು. ಬಸ್ಸಲ್ಲಿ ಹೋಗುವವರಿಗೆ ಮಾತ್ರ ಅದು ಫ್ಲೈಓವರ್ ಟ್ರಾಫಿಕ್ಕಿಗೆ ಮುಂಚೆ ಸಿಗುವ ಒಂದಿಷ್ಟು ಹಸಿರು, ಅಷ್ಟೇ.

ಅಲ್ಲಿ ಓದಿ ದನದ ಡಾಕ್ಟರಾಗುವವರು ಹಸು ಮುಟ್ಟಲೇಬೇಕು, ಬಿಡಿ. ನನ್ನ ಯೋಚನೆ ಬಿಎಸ್ಸಿ ಅಗ್ರಿ ಓದುವವರದ್ದು. ಕೊನೆಯ ವರ್ಷ ಹಳ್ಳಿಯಲ್ಲಿದ್ದು ಕಲಿಯುವ 'ಗ್ರಾಮೀಣ ಕೃಷಿ ಕಾರ್ಯಾನುಭವ' ಇದೆ, ಒಳ್ಳೆಯದೇ. ಆದರೆ ಹೆಬ್ಬೆರಳು ಮಡಚಿ ಹಿಂಡಿದರೆ ಮೊಲೆತೊಟ್ಟಿಗೆ ಪೆಟ್ಟಾಗುತ್ತದೆ, ಇಡೀ ಅಂಗೈಯಲ್ಲಿ ಹಿಡಿದು ಹಿಂಡಬೇಕು ಅನ್ನುವುದು ಸ್ಲೈಡ್ ನೋಡಿ ಬರುವ ವಿದ್ಯೆಯಲ್ಲ. ಮೊದಲ ನಾಲ್ಕು ಧಾರೆ ಬೇರೆ ಬಟ್ಟಲಿಗೆ ಕರೆದು, ಗರಣೆ ಕಂಡರೆ ಕೆಚ್ಚಲು ಬಾವಿನ ಅನುಮಾನ. ಎಡಪಕ್ಕೆಯ ಗುಳಿಗೆ ಮುಷ್ಟಿ ಒತ್ತಿ ನಿಂತರೆ ನಿಮಿಷಕ್ಕೆ ಒಂದೆರಡು ಸಲ ಹೊಟ್ಟೆ ಕೈಯನ್ನು ಹೊರಕ್ಕೆ ತಳ್ಳಬೇಕು; ತಳ್ಳದಿದ್ದರೆ ಮೇವು ಅರಗುತ್ತಿಲ್ಲ. ಅದಕ್ಕೂ ಮುಂಚೆ, ಹಸು ಒದೆಯದಂತೆ ಹತ್ತಿರ ಹೋಗಿ ನಿಲ್ಲುವುದನ್ನು ಕಲಿಯಬೇಕು!

1927ರಲ್ಲಿ ಗಾಂಧೀಜಿಯೇ ಇದೇ ಬೆಂಗಳೂರಿನ ಇಂಪೀರಿಯಲ್ ಡೈರಿ ಸಂಸ್ಥೆಗೆ ಹೋಗಿ ದನ ಸಾಕಣೆ ಕಲಿತರು, ಐವತ್ತೇಳರ ವಯಸ್ಸಿನಲ್ಲಿ.

ಮೇಷ್ಟ್ರುಗಳೇ, ಹಾಲು ಕರೆಯುವುದಕ್ಕೂ ಒಂದಿಷ್ಟು ಮಾರ್ಕ್ಸ್ ಇಡಿ.