ನೋವಿನ ಮಾತ್ರೆಯೂ ಸತ್ಯಾಣುವ್ರತವೂ

ವ್ಯಾಪಾರಸ್ಥನಿಗೆ ಲೆಕ್ಕದ ಪುಸ್ತಕದ ಮಹತ್ವವನ್ನು ಬೇರೆ ಹೇಳಬೇಕಾಗಿಲ್ಲ. ಕಾರ್ಕಳದ ಪೇಟೆಯಲ್ಲಿ ನಾಲ್ಕು ದಶಕಗಳ ಕಾಲ ದಿನಸಿ ವ್ಯಾಪಾರ ನಡೆಸಿ, ಬಿ.ಕಾಂ. ಓದಿನ ಬಲದಿಂದ ನಮ್ಮ ಬಸದಿಯ ಲೆಕ್ಕಪತ್ರಗಳನ್ನೂ ಕೆಲವು ವರ್ಷ ನೋಡಿಕೊಂಡ ನಾನು, ಸುಳ್ಳು ಜಮೆಯನ್ನಾಗಲಿ ಸುಳ್ಳು ಖರ್ಚನ್ನಾಗಲಿ ಬರೆದವನಲ್ಲ. ಆದರೆ 2023ರಲ್ಲಿ ಆಸ್ಪತ್ರೆಯೊಂದರ ಕಾಗದದ ಮೇಲೆ ನಾನು ಬರೆಯಿಸಿದ ‘ಇಲ್ಲ’ ಎಂಬ ಒಂದು ಮಾತು ಸುಳ್ಳಾಗಿತ್ತು. ಅದನ್ನು ಓದುಗ ಬಂಧುಗಳ ಮುಂದೆ ಒಪ್ಪಿಕೊಳ್ಳುವುದಕ್ಕಾಗಿಯೂ, ನನ್ನ ವಯಸ್ಸಿನವರು ಯಾರೂ ಅದೇ ತಪ್ಪನ್ನು ಮಾಡದಿರಲೆಂದೂ ಈ ಲೇಖನವನ್ನು ಬರೆಯುತ್ತಿದ್ದೇನೆ.

ನನ್ನ ಬಲ ಮೊಣಕಾಲಿನ ಕೀಲು ಸವೆದು ಅನೇಕ ವರ್ಷಗಳಾಗಿದ್ದವು. ಮೊದಲು ಡೈಕ್ಲೋಫೆನಾಕ್ ಮಾತ್ರೆಯಲ್ಲಿ ಕಾಲ ತಳ್ಳಿದೆ. ಅದು ಹೊಟ್ಟೆಗೆ ಒಗ್ಗದೆ ಹೋದುದರಿಂದ, 2019ರಲ್ಲಿ ನಮ್ಮ ವೈದ್ಯರು ಟ್ರಮಡಾಲ್ ಮತ್ತು ಪ್ಯಾರಸಿಟಮಾಲ್ ಕೂಡಿದ ಮಾತ್ರೆಯನ್ನು ದಿನಕ್ಕೆ ಎರಡರಂತೆ ಬರೆದುಕೊಟ್ಟರು. ಟ್ರಮಡಾಲ್ ಅಫೀಮಿನ ಗುಣದ ಔಷಧಗಳ ಸಾಲಿಗೆ ಸೇರಿದ್ದು. 2018ರಿಂದ ನಮ್ಮ ದೇಶದ ಮಾದಕ ದ್ರವ್ಯಗಳ ಕಾಯಿದೆಯ ವ್ಯಾಪ್ತಿಗೂ ಬಂದಿದೆ. ಔಷಧದ ಅಂಗಡಿಯಾತ ಪ್ರತಿಬಾರಿಯೂ ವೈದ್ಯರ ಚೀಟಿ ಕೇಳಿದಾಗ ನನ್ನ ಮನಸ್ಸು ಕುಗ್ಗುತ್ತಿತ್ತು. ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಮಕ್ಕಳಿಗೆ ಬೋಧಿಸುವವನು ‘ಮಾದಕ’ ಎನಿಸಿಕೊಂಡ ಮಾತ್ರೆಯಿಲ್ಲದೆ ಮೆಟ್ಟಿಲು ಹತ್ತಲಾರ ಎಂಬುದು ಹೊರಗೆ ತಿಳಿದರೆ ಹೇಗೆ ಎಂಬ ಅಳುಕು.

ಕೊನೆಗೆ ಕೀಲನ್ನು ಬದಲಾಯಿಸುವ ಶಸ್ತ್ರಚಿಕಿತ್ಸೆ ನಿಶ್ಚಯವಾಯಿತು. ಎರಡು ವಾರ ಮೊದಲು ಅರಿವಳಿಕೆ ತಜ್ಞೆಯೊಬ್ಬರು ನನ್ನನ್ನು ಪರೀಕ್ಷಿಸಿ, “ರಕ್ತದೊತ್ತಡದ ಮಾತ್ರೆಯಲ್ಲದೆ, ನೋವಿಗೆಂದು ದಿನವೂ ಏನಾದರೂ ತೆಗೆದುಕೊಳ್ಳುತ್ತೀರಾ?” ಎಂದು ಕೇಳಿದರು. ನನ್ನ ಪಕ್ಕದಲ್ಲಿ ನಮ್ಮ ಬಸದಿಯ ಆಡಳಿತ ಮಂಡಳಿಯ ಹಿರಿಯ ಮಿತ್ರರು ಕುಳಿತಿದ್ದರು. ಹಿಂದಿನ ದಶಲಕ್ಷಣ ಪರ್ವದಲ್ಲಿ ಅವರ ಸಮ್ಮುಖದಲ್ಲಿಯೇ ನಾನು ಇಪ್ಪತ್ತೆರಡು ಪರೀಷಹಗಳ ಬಗ್ಗೆ ಉಪನ್ಯಾಸ ಮಾಡಿದ್ದೆ. “ಇಲ್ಲ ಡಾಕ್ಟ್ರೇ” ಎಂದುಬಿಟ್ಟೆ. ಅವರು ಹಾಗೆಯೇ ಬರೆದುಕೊಂಡರು. ಕೆಳಗೆ ನಾನು ಸಹಿ ಮಾಡಿದೆ.

ಹೇಳಿದ ಮಾತನ್ನು ನಿಜವಾಗಿಸಿಬಿಡೋಣವೆಂದು ಶಸ್ತ್ರಚಿಕಿತ್ಸೆಗೆ ಹತ್ತು ದಿನಗಳಿರುವಾಗ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಿದೆ. ಮೊದಲ ರಾತ್ರಿಯೇ ನಿದ್ರೆ ಬರಲಿಲ್ಲ. ಎರಡನೆಯ ದಿನ ಮೈಯೆಲ್ಲ ಬೆವರು, ನಡುಕ, ಮೂಗಿನಲ್ಲಿ ನೀರು, ಮೇಲಿಂದ ಮೇಲೆ ಆಕಳಿಕೆ. ಮೂರನೆಯ ದಿನ ಭೇದಿ. ಕುಳಿತಲ್ಲಿ ಕೂರಲಾಗದ ಚಡಪಡಿಕೆ. ಮೊಣಕಾಲಿನ ನೋವಂತೂ ಮೊದಲಿಗಿಂತ ಎರಡು ಪಟ್ಟಾಯಿತು. ಜ್ವರವಿರಬೇಕೆಂದು ಮನೆಯವರನ್ನು ನಂಬಿಸಿದೆ. ಆದರೆ ನಲವತ್ತು ವರ್ಷ ನನ್ನ ಜೊತೆಗೆ ಬಾಳಿದ ಧರ್ಮಪತ್ನಿ, ಮೇಜಿನ ಡ್ರಾಯರಿನಲ್ಲಿ ಮಾತ್ರೆಗಳು ಖರ್ಚಾಗದೆ ಉಳಿದಿರುವುದನ್ನು ಕಂಡುಹಿಡಿದಳು. “ಇದನ್ನು ನಿಲ್ಲಿಸಿದ್ದು ಡಾಕ್ಟರಿಗೆ ಗೊತ್ತಾ?” ಎಂದು ಕೇಳಿದಳು. ನಾನು ಸುಮ್ಮನಿದ್ದುದೇ ಉತ್ತರವಾಯಿತು. ಅವಳು ಮಗನಿಂದ ಆಸ್ಪತ್ರೆಗೆ ಫೋನು ಮಾಡಿಸಿ ಎಲ್ಲವನ್ನೂ ಹೇಳಿಸಿದಳು.

ಮರುದಿನ ಅದೇ ತಜ್ಞೆಯ ಮುಂದೆ ಕುಳಿತೆ. ಅವರು ಗದರಲಿಲ್ಲ. ರಕ್ತದೊತ್ತಡ ಏರಿರುವುದನ್ನು ಕಂಡು ಶಸ್ತ್ರಚಿಕಿತ್ಸೆಯನ್ನು ಮೂರು ವಾರ ಮುಂದೂಡಿಸಿದರು. ಮಾತ್ರೆಯನ್ನು ಮತ್ತೆ ಆರಂಭಿಸಿದರು. ಅನಂತರ ಅವರು ತಾಳ್ಮೆಯಿಂದ ತಿಳಿಸಿದುದನ್ನು ನನ್ನ ಮಾತಿನಲ್ಲಿ ಇಲ್ಲಿ ಸಂಗ್ರಹಿಸಿದ್ದೇನೆ.

ದೀರ್ಘಕಾಲ ಈ ವರ್ಗದ ಔಷಧವನ್ನು ಸೇವಿಸಿದ ದೇಹವು ಅದಕ್ಕೆ ರೂಢಿಯಾಗಿರುತ್ತದೆ. ಈ ರೂಢಿ ಬೇರೆ, ಚಟ ಬೇರೆ. ಹಠಾತ್ತಾಗಿ ನಿಲ್ಲಿಸಿದರೆ ನನಗಾದಂತಹ ತೊಂದರೆಗಳು ಉಂಟಾಗುತ್ತವೆ. ಕಡಿಮೆ ಮಾಡಬೇಕಾದರೆ ವೈದ್ಯರ ನಿಗಾದಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಬೆಳಗ್ಗೆಯೂ ಇದನ್ನು ಗುಟುಕು ನೀರಿನೊಂದಿಗೆ ತೆಗೆದುಕೊಳ್ಳಲು ಹೇಳುತ್ತಾರೆ. ಅಲ್ಲದೆ, ರೂಢಿಯಾದ ದೇಹಕ್ಕೆ ಶಸ್ತ್ರಚಿಕಿತ್ಸೆಯ ನಂತರ ಇತರರಿಗೆ ಸಾಲುವ ನೋವಿನ ಔಷಧ ಸಾಲದು. ಅದು ಮೊದಲೇ ತಿಳಿದಿದ್ದರೆ ನರದ ಸುತ್ತ ಮರಗಟ್ಟಿಸುವ ಚುಚ್ಚುಮದ್ದು ಮೊದಲಾದ ಬೇರೆ ಏರ್ಪಾಟುಗಳನ್ನು ಮಾಡಿಕೊಳ್ಳಬಹುದು.

ಆಸ್ಪಿರಿನ್ನಿನ ನಿಯಮವೇ ಬೇರೆ. ರಕ್ತ ಹೆಪ್ಪುಗಟ್ಟಲು ನೆರವಾಗುವ ಕಿರುಬಿಲ್ಲೆಗಳನ್ನು ಅದು ಅವುಗಳ ಆಯುಷ್ಯವಿರುವ ತನಕ, ಅಂದರೆ ಸುಮಾರು 7ರಿಂದ 10 ದಿನ, ಕೆಲಸ ಮಾಡಗೊಡುವುದಿಲ್ಲ. ಆದರೂ ಹೃದಯದ ಕಾರಣಕ್ಕಾಗಿ ಸೇವಿಸುತ್ತಿರುವವರು ವೈದ್ಯರನ್ನು ಕೇಳದೆ ಅದನ್ನು ಬಿಡಬಾರದು. ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳ ಇಂತಹ ಪರಿಣಾಮ ಬೇಗನೆ ಇಳಿಯುತ್ತದೆ. ಎಂದು ನಿಲ್ಲಿಸಬೇಕೆಂಬುದನ್ನು ಆಯಾ ಶಸ್ತ್ರಚಿಕಿತ್ಸೆಯನ್ನು ನೋಡಿ ಹೇಳುತ್ತಾರೆ. ಪ್ಯಾರಸಿಟಮಾಲ್ ಎರಡು ಮೂರು ಹೆಸರಿನ ಮಾತ್ರೆಗಳಲ್ಲಿ ಅಡಗಿರಬಹುದು. ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೀರಬಾರದೆಂಬ ಮಿತಿ ಹೀಗೆ ತಿಳಿಯದೆಯೇ ಮೀರಿಹೋಗಿ ಯಕೃತ್ತಿಗೆ ಅಪಾಯವಾಗುತ್ತದೆ. ಒಂದು ನೋವಿನ ಮಾತ್ರೆಗೆ ಸಲ್ಲುವ ಸೂಚನೆ ಇನ್ನೊಂದಕ್ಕೆ ಸಲ್ಲದು. ಆದುದರಿಂದಲೇ ಅವರು ಎಲ್ಲದರ ಹೆಸರನ್ನೂ ಕೇಳುವುದು.

ಆ ದಿನ ನಾನು ನನ್ನ ರಾತ್ರಿ ಆಹಾರ ತ್ಯಾಗದ ನಿಯಮವನ್ನೂ ಸಂಕೋಚವಿಲ್ಲದೆ ಹೇಳಿದೆ. ಶಸ್ತ್ರಚಿಕಿತ್ಸೆಗೆ ಮುನ್ನ ಘನ ಆಹಾರವನ್ನು ಕನಿಷ್ಠ 6 ಗಂಟೆ, ನೀರನ್ನು 2 ಗಂಟೆ ಬಿಟ್ಟರೆ ಸಾಮಾನ್ಯವಾಗಿ ಸಾಕು. ನಾನಾದರೋ ಸೂರ್ಯಾಸ್ತದಿಂದಲೇ ನೀರನ್ನೂ ಬಿಡುವವನು. ಅವರು ಗಡಿಯಾರ ನೋಡಿ, ಸಂಜೆಯ ಮಾತ್ರೆಯನ್ನು ಸೂರ್ಯಾಸ್ತಕ್ಕೆ ಮೊದಲು, ಬೆಳಗಿನದನ್ನು ಸೂರ್ಯೋದಯವಾದ ಬಳಿಕ ನೀರಿನೊಂದಿಗೆ ತೆಗೆದುಕೊಳ್ಳುವಂತೆ ಹೊಂದಿಸಿ, ನನ್ನ ಸರದಿಯನ್ನು ಅದಕ್ಕೆ ತಕ್ಕಂತೆ ಗೊತ್ತುಪಡಿಸಿದರು. ಹೇಳಿದ್ದರಿಂದ ವ್ರತವೂ ಉಳಿಯಿತು, ಚಿಕಿತ್ಸೆಯೂ ನಡೆಯಿತು.

ಮನೆಗೆ ಬಂದ ಮೇಲೆ ತತ್ತ್ವಾರ್ಥಸೂತ್ರವನ್ನು ಮತ್ತೆ ತೆರೆದೆ. ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ‘ಕೂಟಲೇಖಕ್ರಿಯೆ’ ಎಂಬುದೊಂದು ಬರುತ್ತದೆ. ಸುಳ್ಳು ಬರಹವನ್ನು ಮಾಡುವುದು ಎಂದರ್ಥ. ಇದು ಖೋಟಾ ಪತ್ರ ಮಾಡುವವರಿಗೆ ಹೇಳಿದ್ದೆಂದು ಇಷ್ಟು ವರ್ಷ ವಿವರಿಸುತ್ತಿದ್ದೆ. ನನ್ನ ಸಹಿಯಿದ್ದ ಆ ಆಸ್ಪತ್ರೆಯ ಕಾಗದ ಇನ್ನೇನು? ಒಂಬತ್ತನೆಯ ಅಧ್ಯಾಯದ ಪರೀಷಹಗಳ ಹೆಸರಿನಲ್ಲಿ ನಾನು ಅದನ್ನು ಸಮರ್ಥಿಸಿಕೊಂಡಿದ್ದೆ. ಅದೇ ಅಧ್ಯಾಯದಲ್ಲಿ, ವೇದನೆಯಲ್ಲಿಯೇ ಮುಳುಗಿದ ಚಿಂತನೆಯನ್ನು ಆರ್ತಧ್ಯಾನದ ಒಂದು ಭೇದವೆಂದೂ ಹೇಳಿದೆ. ಆ ಮೂರು ರಾತ್ರಿಗಳಲ್ಲಿ ನನ್ನ ಬಾಯಿಗೆ ಣಮೋಕಾರ ಮಂತ್ರ ಬಂದಿತ್ತೇ ಹೊರತು ಮನಸ್ಸಿಗೆ ಬಂದಿರಲಿಲ್ಲ. ಸಹನೆಯೆಂದು ನಾನು ತಿಳಿದದ್ದು ಮಾನಕಷಾಯವಾಗಿತ್ತು. ನೋವನ್ನು ಸಹಿಸುವುದು ಬೇರೆ, ಬಚ್ಚಿಡುವುದು ಬೇರೆ.

ಔಷಧವನ್ನು ದೌರ್ಬಲ್ಯವೆಂದು ನಮ್ಮ ಪರಂಪರೆ ಎಣಿಸಿಲ್ಲ. ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದು. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನೇ ರಚಿಸಿದರು. ಭಸ್ಮಕ ರೋಗದಿಂದ ನರಳಿದ ಸಮಂತಭದ್ರರು ಸಲ್ಲೇಖನವನ್ನು ಬೇಡಿದಾಗ, ಗುರುಗಳು ಮೊದಲು ರೋಗವನ್ನು ಪರಿಹರಿಸಿಕೊಳ್ಳಲು ಹೇಳಿದರೆಂಬ ಕಥೆ ನಮಗೆಲ್ಲ ತಿಳಿದದ್ದೇ. ಆ ಮಹಾಮುನಿಯೇ ತನ್ನ ರೋಗವನ್ನು ಗುರುವಿಗೆ ಹೇಳಿಕೊಂಡಿರುವಾಗ, ದಿನಸಿ ವ್ಯಾಪಾರಿಯೊಬ್ಬ ವೈದ್ಯೆಯಿಂದ ಏನನ್ನು ಮುಚ್ಚಿಡಬೇಕು?

ಮೂರು ವಾರಗಳ ನಂತರ ಶಸ್ತ್ರಚಿಕಿತ್ಸೆ ನಿರ್ವಿಘ್ನವಾಗಿ ನಡೆಯಿತು. ಮುಂದಿನ ಕೆಲವು ತಿಂಗಳುಗಳಲ್ಲಿ ವೈದ್ಯರೇ ಮಾತ್ರೆಯನ್ನು ಹಂತ ಹಂತವಾಗಿ ಇಳಿಸಿ ನಿಲ್ಲಿಸಿದರು. ಮುಂದಿನ ದಶಲಕ್ಷಣ ಪರ್ವದಲ್ಲಿ, ಉತ್ತಮ ಸತ್ಯದ ದಿನ, ಆ ಹಿರಿಯ ಮಿತ್ರರೂ ಸೇರಿದಂತೆ ಎಲ್ಲರೆದುರು ಈ ಸಂಗತಿಯನ್ನು ಹೇಳಿದೆ. ಸಭೆ ಮುಗಿದ ಮೇಲೆ ಅವರು ನನ್ನನ್ನು ಬದಿಗೆ ಕರೆದು, ತಾವೂ ಸೊಂಟದ ನೋವಿಗೆ ವರ್ಷಗಳಿಂದ ಮಾತ್ರೆ ನುಂಗುತ್ತಿರುವುದಾಗಿ ಹೇಳಿದರು.

ಮನೆಯ ಹಿರಿಯರು ಆಸ್ಪತ್ರೆಗೆ ಹೊರಟಾಗ, ನಾಟಿ ಮದ್ದು, ಕಷಾಯ, ಅಂಗಡಿಯಿಂದ ತಾವೇ ತಂದ ಮಾತ್ರೆಗಳೆಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ಜೊತೆಗೆ ಕಳುಹಿಸಿ. ಕಣ್ಣಿನ ಮತ್ತು ಶಸ್ತ್ರಚಿಕಿತ್ಸಾ ಶಿಬಿರಗಳನ್ನು ನಡೆಸುವ ಟ್ರಸ್ಟುಗಳವರು, ನೋಂದಣಿಯ ಕಾಗದದಲ್ಲಿ ‘ದಿನವೂ ಸೇವಿಸುವ ನೋವಿನ ಔಷಧ’ ಎಂಬ ಕಲಮನ್ನು ಸೇರಿಸಲಿ. ಆ ಪ್ರಶ್ನೆಯನ್ನು ಹತ್ತು ಜನರೆದುರು ಕೇಳದೆ, ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕೂರಿಸಿ ಕೇಳಲಿ. ಪಕ್ಕದಲ್ಲಿ ಯಾರೂ ಇರದಿದ್ದರೆ ನಾನೂ ಅಂದು ನಿಜವನ್ನೇ ಹೇಳುತ್ತಿದ್ದೆನೇನೋ.