ಗದ್ದುಗೆಯ ಮೇಲಿನ ಬಾಲಕ: ಮುಮ್ಮಡಿ ಕೃಷ್ಣರಾಜರ ಹನ್ನೆರಡು ವರ್ಷಗಳು

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಎರಡು ತಿಂಗಳು ತುಂಬುವ ಮೊದಲೇ, ಜೂನ್ 30ರಂದು, ಮೈಸೂರಿನಲ್ಲಿ ಒಂದು ಪಟ್ಟಾಭಿಷೇಕ ನಡೆಯಿತು. ಹಳೆಯ ಅರಮನೆ ಹಾಳಾಗಿದ್ದುದರಿಂದ ಅದಕ್ಕೆಂದೇ ಚಪ್ಪರ ಹಾಕಬೇಕಾಯಿತು. ಗದ್ದುಗೆ ಏರಿದ ಬಾಲಕನಿಗೆ ಐದು ವರ್ಷ ತುಂಬಲು ಇನ್ನೂ ಎರಡು ವಾರ ಉಳಿದಿದ್ದವು. ಆತನೇ ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರೆಂದು ಪ್ರಸಿದ್ಧನಾದವನು. ನಾಲ್ಕನೆಯ ಮೈಸೂರು ಯುದ್ಧದ ಚರಿತ್ರೆಗಳು ಸಾಮಾನ್ಯವಾಗಿ ಈ ದೃಶ್ಯದೊಂದಿಗೆ ಮುಗಿಯುತ್ತವೆ. ಆ ಮಗುವಿನ ಪಾಲಿಗೆ ಕಥೆ ಶುರುವಾದದ್ದು ಇಲ್ಲಿಂದ.

ಮೈಸೂರಿನ ಗದ್ದುಗೆಗೆ ಹೆಸರಿಗಷ್ಟೇ ಅರಸನಾಗಿರುವುದು ಆಗ ಹೊಸದಲ್ಲ. ದಳವಾಯಿಗಳ ಕಾಲದಲ್ಲೇ ಅದು ರೂಢಿಯಾಗಿತ್ತು. ಹೈದರನ ಕಾಲಕ್ಕೆ ಅರಸನನ್ನು ಆರಿಸುವ ಅಧಿಕಾರವೂ ಕೈಬದಲಾಯಿತು. 1776ರಲ್ಲಿ ಬೆಟ್ಟದ ಚಾಮರಾಜರು ತೀರಿಕೊಂಡಾಗ ಹೈದರನು ಅರಸು ಮನೆತನಗಳ ಮಕ್ಕಳನ್ನು ಒಂದೆಡೆ ಕೂಡಿಸಿ, ಅವರ ಮುಂದೆ ಆಟದ ಸಾಮಾನು, ಹಣ್ಣು, ಒಡವೆಗಳನ್ನು ಹರಡಿಸಿದನೆಂದೂ, ಕಠಾರಿಯನ್ನು ಕೈಗೆತ್ತಿಕೊಂಡ ಹುಡುಗನನ್ನೇ ಅರಸನೆಂದು ಸಾರಿದನೆಂದೂ ವಿಲ್ಕ್ಸ್ ತನ್ನ ಮೈಸೂರು ಚರಿತ್ರೆಯಲ್ಲಿ ಬರೆದಿದ್ದಾನೆ. ಹುಡುಗನ ಇನ್ನೊಂದು ಕೈಯಲ್ಲಿ ನಿಂಬೆಹಣ್ಣು ಇತ್ತಂತೆ. ಕಥೆ ಚೆನ್ನಾಗಿದೆ, ಆದರೆ ಕಠಾರಿ ಹಿಡಿದ ಆ ಕೈಗೆ ಮುಂದೆ ಯಾವ ಅಧಿಕಾರವೂ ದಕ್ಕಲಿಲ್ಲ ಎಂಬುದನ್ನು ಮರೆಯಬಾರದು. ಅರಿಕುಠಾರದ ಆ ಹುಡುಗನೇ ಖಾಸಾ ಚಾಮರಾಜ, ಕೃಷ್ಣರಾಜರ ತಂದೆ. 1796ರಲ್ಲಿ ಸಿಡುಬಿನಿಂದ ಆತ ತೀರಿಕೊಂಡಾಗ ಟಿಪ್ಪು ಆ ಸ್ಥಾನಕ್ಕೆ ಇನ್ನೊಬ್ಬನನ್ನು ಕೂರಿಸುವ ಗೋಜಿಗೂ ಹೋಗಲಿಲ್ಲ. ಅರಿಕುಠಾರಕ್ಕೆ ಚಾಮರಾಜನಗರವೆಂಬ ಹೆಸರಿಟ್ಟು ತಂದೆಯ ನೆನಪನ್ನು ನೆಲದಲ್ಲಿ ಊರಿದವರು ಮುಮ್ಮಡಿಯವರೇ.

ಬಾಲಕನ ಬೆನ್ನಿಗೆ ನಿಂತವರು ಇಮ್ಮಡಿ ಕೃಷ್ಣರಾಜರ ರಾಣಿ ಲಕ್ಷ್ಮಮ್ಮಣ್ಣಿಯವರು. ಗದ್ದುಗೆಯನ್ನು ಮರಳಿ ಪಡೆಯಲು ಆಕೆ ದಶಕಗಳ ಕಾಲ ಇಂಗ್ಲಿಷರೊಡನೆ ಗುಟ್ಟಾಗಿ ವ್ಯವಹಾರ ನಡೆಸಿದ್ದರು. ಪ್ರಧಾನ ತಿರುಮಲರಾಯನ ಮೂಲಕ 1782ರಲ್ಲೇ ಒಂದು ಕರಾರು ಆಗಿತ್ತು. 1799ರ ಜುಲೈ 8ರ ಒಪ್ಪಂದದಲ್ಲಿ ಮಗುವಿನ ಪರವಾಗಿ ಒಪ್ಪಿಗೆ ಕೊಟ್ಟವರಲ್ಲಿ ಆಕೆಯೂ ಒಬ್ಬರು. ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ ಕಪ್ಪ ಕೊಡಬೇಕು. ಆ ಹಣಕ್ಕೆ ಕುಂದು ಬಂದೀತೆಂಬ ಅಂಜಿಕೆ ಕಂಡುಬಂದರೆ ರಾಜ್ಯದ ಆಡಳಿತಕ್ಕೆ ಕಂಪೆನಿ ಕೈಹಾಕಬಹುದು. ಓದುಬರಹವಿನ್ನೂ ಕಲಿಯದ ದೊರೆ ಇಂಥದೊಂದು ಷರತ್ತಿಗೆ ಬದ್ಧನಾದ. ಮೂವತ್ತೆರಡು ವರ್ಷಗಳ ಅನಂತರ ಆತನನ್ನು ಕೆಳಗಿಳಿಸಿದ್ದು ಇದೇ ಷರತ್ತು.

ಇಲ್ಲಿ ಇಂಗ್ಲೆಂಡಿನ ಆರನೆಯ ಎಡ್ವರ್ಡನನ್ನು ನೆನೆಯುವುದು ಉಪಯುಕ್ತ. 1547ರಲ್ಲಿ ಒಂಬತ್ತನೆಯ ವಯಸ್ಸಿಗೆ ಪಟ್ಟವೇರಿದ ಈ ಟ್ಯೂಡರ್ ಬಾಲಕನ ಹೆಸರಿನಲ್ಲಿ ಮೊದಲು ಸೋದರಮಾವ ಸಾಮರ್ಸೆಟ್, ಬಳಿಕ ನಾರ್ಥಂಬರ್ಲೆಂಡ್ ಆಳಿದರು. 1549ರಲ್ಲಿ ಒಂದು ಕಡೆ ಹೊಸ ಪ್ರಾರ್ಥನಾ ಗ್ರಂಥದ ವಿರುದ್ಧ, ಇನ್ನೊಂದು ಕಡೆ ಗೋಮಾಳಗಳಿಗೆ ಬೇಲಿ ಹಾಕಿದ್ದರ ವಿರುದ್ಧ ರೈತರು ದಂಗೆ ಎದ್ದರು. 1552ರಲ್ಲಿ ಸಾಮರ್ಸೆಟ್ಟನ ತಲೆ ಹಾರಿತು. ಹದಿನಾಲ್ಕರ ಅರಸ ಅದನ್ನು ತನ್ನ ದಿನಚರಿಯಲ್ಲಿ ಒಂದೇ ಒಣ ವಾಕ್ಯದಲ್ಲಿ ಬರೆದಿಟ್ಟ. ಮರುವರ್ಷ ಜುಲೈ 6ರಂದು, ಹದಿನೈದನೆಯ ವಯಸ್ಸಿಗೆ, ತೀರಿಕೊಂಡ. ಇಷ್ಟಾದರೂ ಆತನಿಗೆ ಚೀಕ್‌ನಂಥ ವಿದ್ವಾಂಸರ ಪಾಠವಿತ್ತು. ರಾಜ್ಯದ ಸಮಸ್ಯೆಗಳ ಬಗೆಗೆ ಸ್ವಂತ ಟಿಪ್ಪಣಿ ಬರೆಯುವಷ್ಟು ತಯಾರಿಯೂ ಆಗಿತ್ತು. ಕಲಿತದ್ದನ್ನು ಆಚರಿಸಲು ಆಯುಸ್ಸು ಒದಗಲಿಲ್ಲ. ಮೈಸೂರಿನಲ್ಲಿ ನಡೆದದ್ದು ಇದಕ್ಕೆ ವಿಲೋಮ: ದೊರೆ ಎಪ್ಪತ್ತಮೂರು ವರ್ಷ ಬದುಕಿದರು, ತಯಾರಿಯ ವಿಚಾರವನ್ನು ಮಾತ್ರ ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ದಿವಾನ್ ಪೂರ್ಣಯ್ಯ ಅಸಾಧಾರಣ ಆಡಳಿತಗಾರ. ಇದರಲ್ಲಿ ಎರಡು ಮಾತಿಲ್ಲ. ಹೈದರ್, ಟಿಪ್ಪು ಇಬ್ಬರ ಬಳಿಯೂ ಪಳಗಿದ ಕೈ ಅದು. ಟಿಪ್ಪು ಮಡಿದ ಮೇಲೆ ಅವನ ಮಗ ಫತೇ ಹೈದರನನ್ನೇ ಪಟ್ಟಕ್ಕೆ ತರುವುದು ಒಳಿತೆಂದು ಸೂಚಿಸಿದ್ದವರೂ ಪೂರ್ಣಯ್ಯನವರೇ. ಹಾಗೆ ಸೂಚಿಸಿದವರ ಕೈಗೇ ಒಡೆಯರ ಮಗುವನ್ನೂ ರಾಜ್ಯವನ್ನೂ ಒಪ್ಪಿಸಲಾಯಿತು. ಕನ್ನಡ ಓದುಗರಿಗೆ ಇಲ್ಲಿ ಕೆಂಪುನಾರಾಯಣನ ‘ಮುದ್ರಾಮಂಜೂಷ’ ನೆನಪಾಗದೆ ಇರದು. ಕೃಷ್ಣರಾಜರ ಆಶ್ರಯದಲ್ಲಿ 1823ರಲ್ಲಿ ಹುಟ್ಟಿದ ಆ ಗದ್ಯಕೃತಿಯ ಕೇಂದ್ರದಲ್ಲಿರುವುದೂ ಇಂಥದೇ ಪ್ರಶ್ನೆ: ಅಳಿದ ನಂದರಿಗೆ ನಿಷ್ಠನಾಗಿದ್ದ ರಾಕ್ಷಸಾಮಾತ್ಯನನ್ನು ಹೊಸ ಅರಸನ ಮಂತ್ರಿಯಾಗಿಸುವುದು ಹೇಗೆ? ತರುಣ ಚಂದ್ರಗುಪ್ತ ಅಲ್ಲಿ ಚಾಣಕ್ಯ ಹೇಳಿದಂತೆ ನಡೆಯುತ್ತಾನೆ, ಹೇಳಿದಂತೆಯೇ ಜಗಳವನ್ನೂ ನಟಿಸುತ್ತಾನೆ. ಕವಿ ಪೂರ್ಣಯ್ಯನವರನ್ನು ಮನಸ್ಸಿನಲ್ಲಿಟ್ಟು ಬರೆದನೆನ್ನಲು ಆಧಾರವಿಲ್ಲ, ಕಥೆ ವಿಶಾಖದತ್ತನದು. ಆದರೂ ಇಪ್ಪತ್ತೊಂಬತ್ತರ ಆ ದೊರೆಯ ಆಸ್ಥಾನದಲ್ಲಿ ಅದನ್ನು ಓದಿದವರಿಗೆ ಅದು ಕೇವಲ ಪಾಟಲೀಪುತ್ರದ ಕಥೆಯಾಗಿ ಕೇಳಿಸಿರಲಾರದು.

1810ರಲ್ಲಿ ಲಕ್ಷ್ಮಮ್ಮಣ್ಣಿಯವರು ತೀರಿಕೊಂಡರು. ಮರುವರ್ಷ ಪೂರ್ಣಯ್ಯ ಅಧಿಕಾರ ಬಿಟ್ಟುಕೊಟ್ಟರು. 1812ರ ಮಾರ್ಚಿಯಲ್ಲಿ ಅವರೂ ಹೋದರು. ಹೀಗೆ ಎರಡು ವರ್ಷಗಳೊಳಗೆ ಮನೆಯ ಹಿರಿಯರೂ ಇಲ್ಲ, ರಾಜ್ಯದ ಹಿರಿಯರೂ ಇಲ್ಲ. ಹದಿನೇಳರ ತರುಣನ ಕೈಗೆ ಒಮ್ಮೆಗೇ ಇಡೀ ರಾಜ್ಯ ಬಂದಿತು, ಜೊತೆಗೆ ಸುಮಾರು ಎರಡು ಕೋಟಿ ರೂಪಾಯಿಯ ಬೊಕ್ಕಸ. ಆ ಬೊಕ್ಕಸ ಕರಗಿದ್ದು ಪ್ರತಿಯೊಂದು ಚರಿತ್ರೆಯಲ್ಲೂ ದಾಖಲಾಗಿದೆ. ಹಣ ಕೂಡಿಡುವುದು ಗೊತ್ತಿದ್ದ ರಾಜಪ್ರತಿನಿಧಿ, ಅದನ್ನು ಆಳುವುದು ಹೇಗೆಂದು ದೊರೆಗೆ ಕಲಿಸಲಿಲ್ಲವೇಕೆ ಎಂಬ ಪ್ರಶ್ನೆಗೆ ಅವುಗಳಲ್ಲಿ ಅಷ್ಟು ಜಾಗ ಸಿಕ್ಕಿಲ್ಲ.

ಹುಣಸೂರಿನ ನಿದರ್ಶನವೊಂದಿದೆ. ಮುಂದೆ ಅಮೃತಮಹಲ್ ದನಗಳ ಇಲಾಖೆಯ ಕೇಂದ್ರವಾದ ಊರು ಅದು. 1799ರ ಬಳಿಕ ಈ ದನಗಳ ಪಾಲನೆಯನ್ನು ಮೈಸೂರು ಸರ್ಕಾರಕ್ಕೆ ವಹಿಸಲಾಗಿತ್ತು. ತಳಿ ಕೆಟ್ಟಿತೆಂದು 1813ರಲ್ಲಿ ಕಂಪೆನಿ ಅದನ್ನು ಮತ್ತೆ ತನ್ನ ಅಧಿಕಾರಿಗೆ ಒಪ್ಪಿಸಿತು. ಆಗ ರಾಜ್ಯವಾಳುತ್ತಿದ್ದವರು ಕೃಷ್ಣರಾಜರು ನಿಜ. ಆದರೆ ದನಗಳ ತಳಿ ಎರಡು ವರ್ಷದಲ್ಲಿ ಕೆಡುವಂಥದಲ್ಲ. ಪೂರ್ಣಯ್ಯನವರ ಕಾಲವೆಲ್ಲ ಬೆಳಕು, ದೊರೆಯ ಕಾಲವೆಲ್ಲ ಕತ್ತಲು ಎಂಬ ಚಿತ್ರವನ್ನು ಬರೆದವರು ಬಹುಮಟ್ಟಿಗೆ ಕಂಪೆನಿಯ ಅಧಿಕಾರಿಗಳೇ.

1830ರಲ್ಲಿ ನಗರದ ರೈತರು ದಂಗೆ ಎದ್ದರು. ಶರತ್ತಿನ ಪದ್ಧತಿಯ ಕಂದಾಯ ವಸೂಲಿ, ಅಧಿಕಾರಿಗಳ ಸುಲಿಗೆ: ಅವರ ಸಂಕಟ ಕಲ್ಪಿತವಾದುದಲ್ಲ. ಮರುವರ್ಷ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆಡಳಿತವನ್ನು ಕಿತ್ತುಕೊಂಡ. ದೊರೆಗೆ ಉಳಿದದ್ದು ವರ್ಷಕ್ಕೆ 1 ಲಕ್ಷ ಸ್ಟಾರ್ ಪಗೋಡ ಮತ್ತು ನಿವ್ವಳ ಆದಾಯದ ಐದನೆಯ ಒಂದು ಪಾಲು. ವಿಚಾರಣೆಗೆ ನೇಮಿಸಿದ ಸಮಿತಿ 1833ರಲ್ಲಿ ವರದಿ ಕೊಟ್ಟಿತು. ಅದನ್ನು ಓದಿದ ಬೆಂಟಿಂಕ್‌ಗೇ ತಾನು ಅತಿಯಾಗಿ ನಡೆದುಕೊಂಡೆನೆನ್ನಿಸಿ, ರಾಜ್ಯದ ಒಂದು ಭಾಗವನ್ನಾದರೂ ಹಿಂದಿರುಗಿಸಬೇಕೆಂದು ಸಲಹೆ ಮಾಡಿದ. ಲಂಡನ್ ಒಪ್ಪಲಿಲ್ಲ. ದೊರೆ ಅರಮನೆಯೊಳಗೆ ‘ಶ್ರೀತತ್ತ್ವನಿಧಿ’ಯಂಥ ಮಹಾಗ್ರಂಥಗಳನ್ನು ಸಿದ್ಧಪಡಿಸಿದರು, ಚದುರಂಗದ ಮನೆಗಳಲ್ಲಿ ಕುದುರೆ ನಡೆಸುವ ಚಮತ್ಕಾರಗಳನ್ನು ರಚಿಸಿದರು, ರಾಜ್ಯ ಮರಳಿಸಿರೆಂದು ಅರ್ಜಿ ಬರೆದರು. ಹೀಗೆ ಮೂವತ್ತಾರು ವರ್ಷ ಕಳೆದವು.

1865ರಲ್ಲಿ ಎರಡು ವರ್ಷದ ಮಗುವೊಂದನ್ನು ಅವರು ದತ್ತು ತೆಗೆದುಕೊಂಡರು. ದತ್ತಕಕ್ಕೆ ಮನ್ನಣೆ ದೊರೆತು, ರಾಜ್ಯ ಮರಳುವುದೆಂಬ ಭರವಸೆ 1867ರಲ್ಲಿ ಬಂದಿತು. 1868ರ ಮಾರ್ಚ್ 27ರಂದು ಅವರು ಕಣ್ಣುಮುಚ್ಚಿದರು. ಅದೇ ಸೆಪ್ಟೆಂಬರಿನಲ್ಲಿ ಚಾಮರಾಜೇಂದ್ರರಿಗೆ ಪಟ್ಟವಾಯಿತು. ಅವರಿಗೂ ಆಗ ಐದು ವರ್ಷ. ಈ ಸಲ ಬಾಲಕನಿಗೆಂದೇ ಪಾಲಕರನ್ನು ನೇಮಿಸಲಾಯಿತು. ಓರಗೆಯ ಅರಸು ಮಕ್ಕಳೊಡನೆ ಕೂತು ಕಲಿಯಲು ಶಾಲೆಯೂ ಏರ್ಪಟ್ಟಿತು. 1881ರ ಮಾರ್ಚ್ 25ರಂದು, ಹದಿನೆಂಟನೆಯ ವಯಸ್ಸಿಗೆ, ಅವರು ರಾಜ್ಯಭಾರ ವಹಿಸಿಕೊಂಡರು.